ಡಬ್ಬಿಯ ಮೇಲಿನ ‘ರಿಸೆಪ್ಟರ್’ ಮತ್ತು ಎಮ್ಮೆಯ ಕೆಚ್ಚಲು: ಹಾಲು ಹೆಚ್ಚಿಸುವ ಪುಡಿಯೊಂದರ ವಿಮರ್ಶೆ

ಕಳೆದ ವರ್ಷ ದೀಪಾವಳಿ ಮುಗಿದ ವಾರದಲ್ಲಿ ಬೆಳಗಾವಿಯ ಪಶು ಔಷಧಿ ಅಂಗಡಿಯೊಂದರಲ್ಲಿ ಹಾಲು ಹೆಚ್ಚಿಸುವ ಪುಡಿಯ ಒಂದು ಕಿಲೋ ಡಬ್ಬಿಯನ್ನು 640 ರೂಪಾಯಿ ಕೊಟ್ಟು ತಂದೆ. ಅದನ್ನು ನಮ್ಮ ಮನೆಯ ಎರಡು ಎಮ್ಮೆಗಳಿಗೆ ಸುಮಾರು ನಾಲ್ಕು ತಿಂಗಳ ಅವಧಿಯಲ್ಲಿ ಬೇರೆ ಬೇರೆ ರೀತಿಯಲ್ಲಿ ತಿನ್ನಿಸಿ, ಹಾಲನ್ನು ಅಳೆದು ಬರೆದಿಟ್ಟ ಲೆಕ್ಕದ ಆಧಾರದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ಕೆಚ್ಚಲಿನ ‘ಗ್ರೋತ್ ಫ್ಯಾಕ್ಟರ್ ರಿಸೆಪ್ಟರ್’ ಎಬ್ಬಿಸುತ್ತದೆಂಬ ಅದೇ ಮಾತನ್ನು ಅದೇ ಅಂಗಡಿಯ ಇನ್ನೂ ಮೂರು ಡಬ್ಬಿಗಳ ಮೇಲೆ ಓದಿದ್ದೇನೆ. ನನ್ನ ಆಕ್ಷೇಪವಿರುವುದು ಆ ಮಾತಿನ ಬಗ್ಗೆ.

ನಮ್ಮದು ಗೋಕಾಕ ತಾಲ್ಲೂಕಿನ ಘಟಪ್ರಭಾ ನದಿಯ ಬದಿಯ ಊರು. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಕಲಿಸಿ ನಿವೃತ್ತಳಾದ ಮೇಲೆ ಅತ್ತೆಯವರೊಂದಿಗೆ ಕೊಟ್ಟಿಗೆಯ ಕೆಲಸವನ್ನು ನಾನೂ ನೋಡಿಕೊಳ್ಳುತ್ತೇನೆ. ಒಂದು ಮುರ್ರಾ ಎಮ್ಮೆ, ಒಂದು ಊರ ತಳಿಯ ಮಿಶ್ರ ಎಮ್ಮೆ ಮತ್ತು ಇನ್ನೂ ಈಯದ ಒಂದು ಮಣಕ ನಮ್ಮಲ್ಲಿವೆ. ಸಾಮಾನ್ಯವಾಗಿ ನಾವು ಕೊಳ್ಳುವುದು ಸಾದಾ ಖನಿಜ ಮಿಶ್ರಣವನ್ನು. ಅಂದು ಅದನ್ನು ಕೇಳಿದಾಗ ಅಂಗಡಿಯವರು ಈ ಡಬ್ಬಿಯನ್ನು ಮುಂದಿಟ್ಟು, “ಅಕ್ಕಾರ, ಇದು ಬರೇ ಕ್ಯಾಲ್ಸಿಯಂ ಅಲ್ಲರಿ, ಕೆಚ್ಚಲದಾಗಿನ ಗ್ರೋತ್ ಫ್ಯಾಕ್ಟರ್ ರಿಸೆಪ್ಟರ್ ಎಬ್ಬಸ್ತೈತಿ” ಎಂದರು. ಡಬ್ಬಿಯ ಮೇಲೆಯೂ ಹಾಗೆಯೇ ಮುದ್ರಿಸಿತ್ತು; ಜೊತೆಗೆ ಹತ್ತು ದಿನಗಳಲ್ಲಿ ದಿನಕ್ಕೆ ಎರಡು ಲೀಟರ್ ಹಾಲು ಹೆಚ್ಚುವುದೆಂಬ ಭರವಸೆಯಿತ್ತು. ಮೂವತ್ತು ವರ್ಷ ಪಾಠ ಹೇಳಿದ ಪದಗಳನ್ನು ಪಶು ಆಹಾರದ ಡಬ್ಬಿಯ ಮೇಲೆ ಕಂಡಾಗ ಅದನ್ನು ಪರೀಕ್ಷಿಸದೆ ಬಿಡಲು ನನಗೆ ಮನಸ್ಸಾಗಲಿಲ್ಲ. ಜೀವಕೋಶಕ್ಕೆ ಹೊರಗಿನಿಂದ ಬರುವ ಸಂದೇಶವನ್ನು ಹಿಡಿಯುವ ರಿಸೆಪ್ಟರ್ ಎಂಬುದಕ್ಕೆ ಕನ್ನಡದ ಪುಸ್ತಕಗಳಲ್ಲಿ ‘ಗ್ರಾಹಕ’ ಎಂದು ಬರೆಯುತ್ತಾರೆ. ಅಂಗಡಿಗೆ ಬರುವವರನ್ನೂ ನಾವು ಗ್ರಾಹಕರೆಂದೇ ಕರೆಯುವುದರಿಂದ, ಗೊಂದಲವಾಗದಿರಲೆಂದು ಇಲ್ಲಿ ರಿಸೆಪ್ಟರ್ ಎಂದೇ ಬರೆಯುತ್ತೇನೆ.

ಮೊದಲು ಡಬ್ಬಿಯ ವಿಷಯ. ಮುಚ್ಚಳ ಬಿಗಿಯಾಗಿದ್ದು ತೇವ ಒಳಗೆ ಹೋಗುವುದಿಲ್ಲ, ಪುಡಿ ಗಂಟು ಕಟ್ಟಲಿಲ್ಲ. ಮೆಂತ್ಯದ ವಾಸನೆ ಇರುವುದರಿಂದ ಎರಡೂ ಎಮ್ಮೆಗಳು ಹಿಂಡಿಯ ಜೊತೆ ಅದನ್ನು ತಕರಾರಿಲ್ಲದೆ ತಿಂದವು. ಒಳಗಿರುವ ಅಳತೆಯ ಚಮಚ ಮಾತ್ರ ಸರಿಯಿಲ್ಲ: 50 ಗ್ರಾಂ ಎಂದು ಬರೆದಿದ್ದರೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ಒಂದು ಚಮಚಕ್ಕೆ 42 ಗ್ರಾಂ ಬಂತು. ಘಟಕಗಳ ಪಟ್ಟಿಯಲ್ಲಿ ಕ್ಯಾಲ್ಸಿಯಂ, ರಂಜಕ, ಸತು, ತಾಮ್ರ, ಕೋಬಾಲ್ಟ್, ಯೀಸ್ಟ್, ಶತಾವರಿ, ಜೀವಂತಿ ಮತ್ತು ಮೆಂತ್ಯ ಇವೆ. ಕೊನೆಯಲ್ಲಿ ‘ಗ್ರೋತ್ ಫ್ಯಾಕ್ಟರ್ ಬೂಸ್ಟರ್’ ಎಂದಿದೆ. ಅದು ಯಾವ ವಸ್ತು, ಎಷ್ಟು ಪ್ರಮಾಣದಲ್ಲಿದೆ ಎಂಬುದನ್ನು ಬರೆದಿಲ್ಲ. ಉಳಿದ ಎಲ್ಲ ಘಟಕಗಳ ಮುಂದೆ ಅಂಕಿ ಇದ್ದು, ದುಡ್ಡು ಹೆಚ್ಚು ಕೇಳುವುದಕ್ಕೆ ಕಾರಣವಾದ ಘಟಕದ ಮುಂದೆ ಮಾತ್ರ ಅಂಕಿ ಇಲ್ಲದಿರುವುದನ್ನು ಕೊಳ್ಳುವವರು ಗಮನಿಸಬೇಕು.

ಕೆಚ್ಚಲಿನೊಳಗೆ ದ್ರಾಕ್ಷಿ ಗೊಂಚಲಿನಂತೆ ಜೋಡಿಸಿಕೊಂಡ ಅತಿ ಸಣ್ಣ ಚೀಲಗಳಿರುತ್ತವೆ. ಪ್ರತಿ ಚೀಲದ ಒಳಗೋಡೆಯಲ್ಲಿ ಒಂದೇ ಸಾಲಾಗಿ ನಿಂತ ಜೀವಕೋಶಗಳು ರಕ್ತದಿಂದ ಬೇಕಾದುದನ್ನು ಹೀರಿ ಹಾಲನ್ನು ತಯಾರಿಸುತ್ತವೆ. ಆಕಳುಗಳಲ್ಲಿ ಮಾಡಿದ ಲೆಕ್ಕದ ಪ್ರಕಾರ ಒಂದು ಲೀಟರ್ ಹಾಲಿಗೆ 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹರಿಯಬೇಕು. ಹೀಗಾಗಿ ಹಾಲಿನ ಪ್ರಮಾಣ ಎರಡು ಸಂಗತಿಗಳಿಗೆ ಕಟ್ಟುಬಿದ್ದಿದೆ: ಇಂಥ ಕೋಶಗಳು ಎಷ್ಟಿವೆ ಎಂಬುದು ಮತ್ತು ಒಂದೊಂದು ಕೋಶ ಎಷ್ಟು ದುಡಿಯುತ್ತದೆ ಎಂಬುದು. ಈ ಎರಡಕ್ಕೂ ಅಪ್ಪಣೆ ಬರುವುದು ರಕ್ತದಲ್ಲಿ ಹರಿದು ಬರುವ, ಅಥವಾ ನೆರೆಯ ಕೋಶಗಳೇ ಸುರಿಸುವ, ಹಾರ್ಮೋನು ಮತ್ತು ಬೆಳವಣಿಗೆಯ ಅಂಶಗಳಿಂದ (ಡಬ್ಬಿಯ ಮೇಲಿನ ‘ಗ್ರೋತ್ ಫ್ಯಾಕ್ಟರ್’ ಎಂದರೆ ಇದೇ). ಇವುಗಳಲ್ಲಿ ಹೆಚ್ಚಿನವು ಪ್ರೊಟೀನುಗಳಾದ್ದರಿಂದ ಕೋಶದ ಒಳಗೆ ಸುಲಭವಾಗಿ ನುಗ್ಗಲಾರವು. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತ ಹಿರಿಯರು ಬಂದವರ ಮಾತನ್ನು ಕೇಳಿ ಒಳಗಿನವರಿಗೆ ಸುದ್ದಿ ಮುಟ್ಟಿಸುವಂತೆ, ಅರ್ಧ ಹೊರಗೂ ಅರ್ಧ ಒಳಗೂ ಇರುವ ರಿಸೆಪ್ಟರ್ ಎಂಬ ಇನ್ನೊಂದು ಪ್ರೊಟೀನು ಹೊರಗೆ ಬಂದ ಅಣುವನ್ನು ಹಿಡಿದು ಒಳಗೆ ಸಂದೇಶವನ್ನು ದಾಟಿಸುತ್ತದೆ.

ಇಂಥ ಅಂಶಗಳನ್ನು ಗುರುತಿಸಿದ ಕಥೆಯನ್ನು ತರಗತಿಯಲ್ಲಿ ನಾನು ತುಂಬಾ ಇಷ್ಟಪಟ್ಟು ಹೇಳುತ್ತಿದ್ದೆ. ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೊಹೆನ್ ಅವರು ಇಲಿಯ ಜೊಲ್ಲಿನ ಗ್ರಂಥಿಯಿಂದ ತೆಗೆದ ಸಾರವನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವು ಹೊತ್ತಿಗೆ ಮುಂಚೆಯೇ ಕಣ್ಣು ತೆರೆದವು. ಅದರ ಕಾರಣವನ್ನು ಹುಡುಕುತ್ತ ಹೋಗಿ ಸಿಕ್ಕಿದ್ದು 53 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೊಟೀನು, ಅಂದರೆ ಇಜಿಎಫ್ (ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್). 1986ರಲ್ಲಿ ಅವರಿಗೂ ನರಗಳ ಬೆಳವಣಿಗೆಯ ಅಂಶವನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೂ ಒಟ್ಟಿಗೆ ನೊಬೆಲ್ ಪ್ರಶಸ್ತಿ ಬಂತು. ಇಜಿಎಫ್ ಹಿಡಿಯುವ ರಿಸೆಪ್ಟರಿನ ಕುಟುಂಬದಲ್ಲಿ ನಾಲ್ಕು ಸದಸ್ಯರಿದ್ದಾರೆ. ಕೆಚ್ಚಲಿನ ನಾಳಗಳು ಬೆಳೆಯುವ ಹಂತದಲ್ಲಿ ಮೊದಲನೆಯದು ಮುಖ್ಯವಾದರೆ, ಗಬ್ಬದ ಕೊನೆ ಮತ್ತು ಹಾಲಿನ ಆರಂಭದ ಹಂತದಲ್ಲಿ ನಾಲ್ಕನೆಯದಾದ ಎರ್ಬ್‌ಬಿ4 ಮುಖ್ಯವಾಗುತ್ತದೆ. ಸ್ತನಗ್ರಂಥಿಯಲ್ಲಿ ಅದು ಕೆಲಸ ಮಾಡದ ಇಲಿಗಳಲ್ಲಿ ಹಾಲಿನ ಕೋಶಗಳು ಪೂರ್ತಿಯಾಗಿ ಪಕ್ವವಾಗುವುದಿಲ್ಲ. ಹಾಲು ತಯಾರಿಕೆಗೆ ಅಪ್ಪಣೆ ಕೊಡುವ ಪ್ರೊಲ್ಯಾಕ್ಟಿನ್ ಹಾರ್ಮೋನಿನ ರಿಸೆಪ್ಟರ್ ಬೇರೆ ಕುಟುಂಬಕ್ಕೆ ಸೇರಿದ್ದರೂ ಅದರ ಸಂದೇಶವೂ ಎರ್ಬ್‌ಬಿ4ರ ಸಂದೇಶವೂ ಕೋಶದ ಒಳಗೆ ಸ್ಟ್ಯಾಟ್5 ಎಂಬ ಒಂದೇ ಪ್ರೊಟೀನನ್ನು ಮುಟ್ಟುತ್ತವೆ. ಹಾಲಿನ ಮುಖ್ಯ ಪ್ರೊಟೀನಾದ ಕೇಸೀನಿನ ಜೀನುಗಳನ್ನು ಚಾಲೂ ಮಾಡುವುದು ಆ ಸ್ಟ್ಯಾಟ್5.

ಎಮ್ಮೆ ಮತ್ತು ಆಕಳುಗಳ ಮಟ್ಟಿಗೆ ಹೆಚ್ಚು ಚರ್ಚೆಯಾಗುವುದು ಬೆಳವಣಿಗೆಯ ಹಾರ್ಮೋನು ಮತ್ತು ಐಜಿಎಫ್-1 (ಇನ್ಸುಲಿನ್ನಿನಂಥ ಬೆಳವಣಿಗೆಯ ಅಂಶ). ಬೆಳವಣಿಗೆಯ ಹಾರ್ಮೋನು ಮೆದುಳಿನ ಕೆಳಗಿನ ಪಿಟ್ಯುಟರಿಯಿಂದ ಹೊರಟು ಮುಖ್ಯವಾಗಿ ಯಕೃತ್ತಿನ ರಿಸೆಪ್ಟರುಗಳಿಗೆ ಅಂಟಿಕೊಳ್ಳುತ್ತದೆ. ಯಕೃತ್ತು 70 ಅಮೈನೋ ಆಮ್ಲಗಳ ಐಜಿಎಫ್-1 ಎಂಬ ಪ್ರೊಟೀನನ್ನು ರಕ್ತಕ್ಕೆ ಬಿಡುತ್ತದೆ. ಅದು ಕೆಚ್ಚಲಿಗೆ ಬಂದು ಅಲ್ಲಿನ ಕೋಶಗಳು ಸಾಯದಂತೆಯೂ ದುಡಿಯುವಂತೆಯೂ ನೋಡಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ತಯಾರಿಸಿದ ಆಕಳಿನ ಬೆಳವಣಿಗೆಯ ಹಾರ್ಮೋನಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1993ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಆಕಳಿನ ಆರೋಗ್ಯಕ್ಕೆ ಅದರಿಂದಾಗುವ ಹಾನಿಯನ್ನು ಎತ್ತಿ ತೋರಿಸಿ ಕೆನಡಾ ದೇಶವು 1999ರಲ್ಲಿ ಅದನ್ನು ನಿರಾಕರಿಸಿತು. ಆ ವಾದ ಇಲ್ಲಿ ನನ್ನ ವಿಷಯವಲ್ಲ. ನಾನು ಓದುಗರ ಮುಂದಿಡಬಯಸುವ ಸಂಗತಿ ಒಂದೇ: ಆ ಹಾರ್ಮೋನನ್ನು ಮೇವಿನಲ್ಲಿ ಬೆರೆಸಿ ಮಾರಲಿಲ್ಲ, ಹದಿನಾಲ್ಕು ದಿನಕ್ಕೊಮ್ಮೆ ಚರ್ಮದ ಕೆಳಗೆ ಚುಚ್ಚಬೇಕಾಗಿತ್ತು. ಪ್ರೊಟೀನನ್ನು ಬಾಯಿಯ ಮೂಲಕ ಕೊಟ್ಟರೆ ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೊದಲು ಅದನ್ನು ಮುರಿಯುತ್ತವೆ, ಉಳಿದುದನ್ನು ಮುಂದಿನ ಹೊಟ್ಟೆ ಮತ್ತು ಕರುಳಿನ ರಸಗಳು ಮುರಿಯುತ್ತವೆ. ಆದ್ದರಿಂದ ಈ ಡಬ್ಬಿಯ ‘ಬೂಸ್ಟರ್’ ನಿಜವಾಗಿ ಬೆಳವಣಿಗೆಯ ಅಂಶವೇ ಆಗಿದ್ದರೆ ಅದು ಕೆಚ್ಚಲನ್ನು ಮುಟ್ಟುವ ದಾರಿ ನನಗೆ ಕಾಣುವುದಿಲ್ಲ. ಗಿಡಮೂಲಿಕೆಯಾಗಿದ್ದರೆ ಅದನ್ನು ಮೂಲಿಕೆಯೆಂದೇ ಬರೆಯಬೇಕಿತ್ತು. ಶತಾವರಿ ಮತ್ತು ಜೀವಂತಿಗಳನ್ನು ನಮ್ಮ ಹಿರಿಯರು ಬಹಳ ಕಾಲದಿಂದ ಕೊಡುತ್ತ ಬಂದಿದ್ದಾರೆ, ನಾನು ಅವುಗಳನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಪ್ರಯೋಗಗಳಲ್ಲಿ ಅವುಗಳ ಫಲಿತಾಂಶ ಒಂದೇ ಸಮನಾಗಿಲ್ಲ.

ಪ್ರಯೋಗಕ್ಕೆ ಬರುತ್ತೇನೆ. ಮುರ್ರಾ ಎಮ್ಮೆ ಈದು ಇಪ್ಪತ್ತು ದಿನಗಳಾದಾಗ ಪುಡಿಯನ್ನು ಆರಂಭಿಸಿದೆ. ಆಗ ಅದು ದಿನಕ್ಕೆ 7.5 ಲೀಟರ್ ಕೊಡುತ್ತಿತ್ತು, ಒಂದು ತಿಂಗಳ ನಂತರ 9 ಲೀಟರಿಗೆ ಬಂತು. ಅಂಗಡಿಯವರ ಮಾತು ನಿಜವಾಯಿತೆಂದು ಮನೆಯವರೆಲ್ಲ ಸಂತೋಷಪಟ್ಟರು, ಓಣಿಯಲ್ಲಿ ಸುದ್ದಿಯೂ ಹರಡಿತು. ನಾನು ಹಳೆಯ ವಹಿಯನ್ನು ತೆಗೆದು ನೋಡಿದೆ: ಅದರ ಹಿಂದಿನ ಈತದಲ್ಲಿ, ಯಾವ ಪುಡಿಯೂ ಇಲ್ಲದೆ, ಅದೇ ದಿನಗಳ ನಡುವೆ ಅದೇ ಎಮ್ಮೆ 7ರಿಂದ 8.5 ಲೀಟರಿಗೆ ಏರಿತ್ತು. ಈದ ಎಮ್ಮೆಯ ಹಾಲು ಮೊದಲ ಆರರಿಂದ ಎಂಟು ವಾರಗಳವರೆಗೆ ತಾನಾಗಿಯೇ ಏರುತ್ತದೆ. ಈ ಡಬ್ಬಿಗಳನ್ನು ಹೆಚ್ಚಾಗಿ ಆಗಷ್ಟೇ ಈದ ಎಮ್ಮೆಗಳಿಗೇ ಕೊಡಿಸುವುದರಿಂದ, ಎಮ್ಮೆಯ ಸ್ವಾಭಾವಿಕ ಏರಿಕೆ ಪುಡಿಯ ಲೆಕ್ಕಕ್ಕೆ ಜಮೆಯಾಗುತ್ತದೆ. ಹಾಲನ್ನು ಬರೆದಿಡುವ ಅಭ್ಯಾಸವಿಲ್ಲದ ಮನೆಗಳಲ್ಲಿ ಈ ತಪ್ಪನ್ನು ಹಿಡಿಯುವುದು ಸಾಧ್ಯವೇ ಇಲ್ಲ.

ಆದ್ದರಿಂದ ಸಂಕ್ರಾಂತಿಯ ನಂತರ, ಎರಡೂ ಎಮ್ಮೆಗಳ ಹಾಲು ಶಿಖರವನ್ನು ದಾಟಿ ನಿಂತಾಗ, ಮತ್ತೆ ಡಬ್ಬಿಗಳನ್ನು ತಂದು ಎರಡನೆಯ ಪರೀಕ್ಷೆ ಮಾಡಿದೆ. ಮೊದಲ ಮೂರು ವಾರ ಮುರ್ರಾ ಎಮ್ಮೆಗೆ ಈ ಪುಡಿ, ಊರ ಎಮ್ಮೆಗೆ ಸಾದಾ ಖನಿಜ ಮಿಶ್ರಣ. ಮುಂದಿನ ಮೂರು ವಾರ ಅದಲು ಬದಲು. ಕಣಕಿ, ಹಿಂಡಿ, ನೀರು ಮತ್ತು ಕರೆಯುವ ಹೊತ್ತು ಯಾವುದನ್ನೂ ಬದಲಿಸಲಿಲ್ಲ, ಪುಡಿಯನ್ನು ಚಮಚದಿಂದಲ್ಲದೆ ತಕ್ಕಡಿಯಿಂದ 50 ಗ್ರಾಂ ತೂಗಿ ಹಾಕಿದೆ. ಯಾವ ಎಮ್ಮೆಯಲ್ಲೂ ಪುಡಿಯ ವಾರಗಳಿಗೂ ಮಿಶ್ರಣದ ವಾರಗಳಿಗೂ ಇದ್ದ ಸರಾಸರಿ ವ್ಯತ್ಯಾಸ ದಿನಕ್ಕೆ 200 ಮಿಲಿಲೀಟರನ್ನು ದಾಟಲಿಲ್ಲ. ಇಂದಿನಿಂದ ನಾಳೆಗೆ ಸುಮ್ಮನೆ ಆಗುವ ಏರಿಳಿತವೇ ಅದಕ್ಕಿಂತ ಹೆಚ್ಚು. ಡೇರಿಯ ಯಂತ್ರದಲ್ಲಿ ಫ್ಯಾಟ್ 6.8 ಮತ್ತು 7.1ರ ನಡುವೆಯೇ ಓಡಾಡಿತು. ಎರಡು ಎಮ್ಮೆಗಳ ಪರೀಕ್ಷೆ ದೊಡ್ಡ ಪುರಾವೆಯಲ್ಲವೆಂಬುದು ನನಗೆ ತಿಳಿದಿದೆ, ಆದರೆ ದಿನಕ್ಕೆ ಎರಡು ಲೀಟರ್ ಹೆಚ್ಚುವುದಾಗಿದ್ದರೆ ಅದು ಎರಡು ಎಮ್ಮೆಗಳಲ್ಲಿಯೂ ಕಾಣದೆ ಇರುತ್ತಿರಲಿಲ್ಲ.

ಪುಡಿಯಿಂದ ಆದ ಒಂದು ಒಳ್ಳೆಯದನ್ನೂ ಹೇಳಬೇಕು. ಊರ ಎಮ್ಮೆ ಗೋಡೆಯನ್ನು ನೆಕ್ಕುವುದು, ಒಣಹಾಕಿದ ಬಟ್ಟೆಯನ್ನು ಅಗಿಯುವುದು ಮಾಡುತ್ತಿತ್ತು, ಅದು ನಿಂತಿತು. ಹೀಗೆ ಮಾಡುವ ದನಗಳಲ್ಲಿ ಹೆಚ್ಚಾಗಿ ರಂಜಕದ ಕೊರತೆಯಿರುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ಕಡೆಯ ದನಗಳು ತಿಂಗಳುಗಟ್ಟಲೆ ಕಬ್ಬಿನ ತುದಿಯ ಹಸಿ ಎಲೆಯನ್ನೇ ತಿನ್ನುತ್ತವೆ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಖನಿಜ ಕೊಡುವುದು ನಿಜಕ್ಕೂ ಅಗತ್ಯ. ಆದರೆ ಆ ಎಮ್ಮೆ ಗೋಡೆ ನೆಕ್ಕುವುದನ್ನು ಬಿಟ್ಟದ್ದು ಮೊದಲ ಮೂರು ವಾರಗಳಲ್ಲಿ, ಅಂದರೆ ಸಾದಾ ಮಿಶ್ರಣ ತಿನ್ನುತ್ತಿದ್ದಾಗ; ಪುಡಿಗೆ ಬದಲಿಸಿದ ಮೇಲೆ ಆ ಚಟ ಮರಳಲಿಲ್ಲವೆಂಬಷ್ಟು ಮಾತ್ರ ಪುಡಿಗೆ ಸಲ್ಲುತ್ತದೆ. ಐಎಸ್ 1664 ಎಂಬ ಗುಣಮಟ್ಟದ ಗುರುತಿರುವ ಸಾದಾ ಮಿಶ್ರಣಕ್ಕೆ ನಾವು ಕಿಲೋಗೆ 160 ರೂಪಾಯಿ ಕೊಡುತ್ತೇವೆ, ಅಂದರೆ ಎಮ್ಮೆಯೊಂದಕ್ಕೆ ದಿನಕ್ಕೆ 8 ರೂಪಾಯಿ. ಈ ಪುಡಿಗೆ ದಿನಕ್ಕೆ 32 ರೂಪಾಯಿ. ಖನಿಜದ ಮಟ್ಟಿಗೆ ಪುಡಿ ಪ್ರಾಮಾಣಿಕವಾಗಿದೆ, ಉಳಿದ 24 ರೂಪಾಯಿ ಹೋಗುವುದು ಒಂದು ಪದಕ್ಕೆ.

ಆ ಪದ ಹೇಳುವ ಕೆಲಸ ಕೊಟ್ಟಿಗೆಯಲ್ಲಿ ನಡೆಯುವುದಿಲ್ಲವೆಂದು ನಾನು ಹೇಳುತ್ತಿಲ್ಲ. ನಡೆಯುತ್ತದೆ, ಬೇರೆ ರೀತಿಯಿಂದ. ಈ ಎಲ್ಲ ಲೆಕ್ಕವನ್ನು ನೋಡಿ ನಮ್ಮ ಅತ್ತೆಯವರು, “ಹೊಟ್ಟಿಗಿ ಹಾಕಿದ್ದ ಕೆಚ್ಚಲಕ್ಕ ಬರತೈತೆವ್ವಾ” ಎಂದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ಅವರ ಮಾತು ರಿಸೆಪ್ಟರಿನ ವಿಜ್ಞಾನಕ್ಕೆ ಡಬ್ಬಿಗಿಂತ ಹತ್ತಿರವಾಗಿದೆ. ಈದ ಹೊಸದರಲ್ಲಿ ಆಕಳು ತಿನ್ನುವುದಕ್ಕಿಂತ ಹೆಚ್ಚು ಶಕ್ತಿ ಹಾಲಿನಲ್ಲಿ ಹೊರಗೆ ಹೋಗುತ್ತದೆ. ಆಗ ಯಕೃತ್ತಿನಲ್ಲಿ ಬೆಳವಣಿಗೆಯ ಹಾರ್ಮೋನಿನ ರಿಸೆಪ್ಟರುಗಳೇ ಕಡಿಮೆಯಾಗುತ್ತವೆ, ಹಾರ್ಮೋನು ರಕ್ತದಲ್ಲಿ ಬೇಕಾದಷ್ಟಿದ್ದರೂ ಐಜಿಎಫ್-1 ಇಳಿಯುತ್ತದೆ. ಹೊಟ್ಟೆ ತುಂಬಿ ಶಕ್ತಿಯ ಕೊರತೆ ನೀಗಿ ಇನ್ಸುಲಿನ್ ಏರಿದಂತೆ ಆ ರಿಸೆಪ್ಟರುಗಳು ಮರಳಿ ಬರುತ್ತವೆ. ಹಾಗಾದರೆ ರಿಸೆಪ್ಟರನ್ನು ನಿಜವಾಗಿ ಎಬ್ಬಿಸುವುದು ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ, ಹಸಿ ಮೇವು ಮತ್ತು ಎಮ್ಮೆಗೆ ಬೇಕೆನಿಸಿದಾಗಲೆಲ್ಲ ಸಿಗುವ ನೀರು. ದಿನಕ್ಕೆ ಆ 24 ರೂಪಾಯಿಯ ಹಿಂಡಿಯನ್ನು ಹೆಚ್ಚಿಗೆ ಹಾಕಿದ್ದರೆ ನಮ್ಮ ವಹಿಯಲ್ಲಿ ಏನಾದರೂ ಕಾಣುತ್ತಿತ್ತು ಎಂದೇ ನನ್ನ ಅಂದಾಜು.

ಇನ್ನೊಂದು ದಾರಿ ಕರೆಯುವ ಕೈಯಲ್ಲಿದೆ. ಹಾಲನ್ನು ಕೆಚ್ಚಲಿನಲ್ಲಿ ಉಳಿಸಿದರೆ ಆ ಕೆಚ್ಚಲು ತಾನೇ ತನ್ನ ದುಡಿಮೆಯನ್ನು ತಗ್ಗಿಸುತ್ತದೆ. ಹಾಲು ತೆಗೆಯುವುದನ್ನು ನಿಲ್ಲಿಸಿದ ಇಲಿಗಳಲ್ಲಿ ಐಜಿಎಫ್-1 ಅನ್ನು ಕಟ್ಟಿಹಾಕುವ ಪ್ರೊಟೀನೊಂದು ಗ್ರಂಥಿಯೊಳಗೆ ಏರುವುದನ್ನೂ, ರಿಸೆಪ್ಟರಿಗೆ ಸಂದೇಶ ತಪ್ಪಿದ ಕೋಶಗಳು ಸಾಯುವುದನ್ನೂ ಸಂಶೋಧಕರು ಕಂಡಿದ್ದಾರೆ. ಒಂದೇ ಪ್ರಾಣಿಯ ಕೆಚ್ಚಲಿನ ಒಂದು ಬದಿಯನ್ನು ಹೆಚ್ಚು ಸಲ ಕರೆದರೆ ಆ ಬದಿಯಲ್ಲಷ್ಟೇ ಹಾಲು ಹೆಚ್ಚುತ್ತದೆ. ಎರಡೂ ಬದಿಗೆ ಬರುವ ರಕ್ತ ಒಂದೇ, ಆದ್ದರಿಂದ ವ್ಯತ್ಯಾಸ ಹುಟ್ಟುವುದು ಕೆಚ್ಚಲಿನೊಳಗೇ. ಎಮ್ಮೆಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಆಕಳಿನ ಕೆಚ್ಚಲಿನ ಕೆಳಗಿನ ತೊಟ್ಟಿಯಲ್ಲಿ ಸುಮಾರು ಐದನೆಯ ಒಂದು ಭಾಗ ಹಾಲು ಮೊದಲೇ ಇಳಿದು ನಿಂತಿರುತ್ತದೆ. ಎಮ್ಮೆಯಲ್ಲಿ ಅದು ನೂರಕ್ಕೆ ಐದರಷ್ಟು ಮಾತ್ರ, ಉಳಿದುದೆಲ್ಲ ಮೇಲಿನ ಸಣ್ಣ ಚೀಲಗಳಲ್ಲಿ. ಎಮ್ಮೆ ತೊರೆ ಬಿಡದಿದ್ದರೆ, ಅಂದರೆ ಆ ಹಾಲನ್ನು ಕೆಳಗಿಳಿಸದಿದ್ದರೆ, ಕೈಗೆ ಬಹುತೇಕ ಏನೂ ಸಿಗುವುದಿಲ್ಲ. ನಮ್ಮಲ್ಲಿ ಕರುವನ್ನು ಬಿಟ್ಟು, ಕೆಚ್ಚಲನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಎರಡು ನಿಮಿಷ ಕಾಯುತ್ತೇವೆ; ಬೇರೆ ಯಾರಾದರೂ ಕೂತರೆ ಮುರ್ರಾ ಎಮ್ಮೆ ಈಗಲೂ ಹಾಲನ್ನು ಏರಿಸಿಕೊಂಡುಬಿಡುತ್ತದೆ.

ಕೋಣಗರು ಸತ್ತ ಮನೆಗಳಲ್ಲಿ ಆಕ್ಸಿಟೋಸಿನ್ ಚುಚ್ಚಿ ತೊರೆ ಬಿಡಿಸುವ ಪದ್ಧತಿ ಇರುವುದರಿಂದ ಇಲ್ಲಿ ಒಂದು ಮಾತು. ಆ ಹಾರ್ಮೋನು ಚೀಲಗಳ ಸುತ್ತಲಿನ ಸ್ನಾಯುಕೋಶಗಳನ್ನು ಹಿಂಡಿಸಿ, ಆಗಲೇ ತಯಾರಾಗಿರುವ ಹಾಲನ್ನು ಹೊರತಳ್ಳುತ್ತದೆ, ಕೆಚ್ಚಲು ಬೆಳೆಸುವ ವಸ್ತು ಅದಲ್ಲ. ಪ್ರಾಣಿಯ ಆರೋಗ್ಯಕ್ಕೆ ಹಾನಿಯಾಗುವಂತೆ ಹಾಲಿಗಾಗಿ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 12ನೆಯ ಕಲಮಿನಡಿ ಶಿಕ್ಷಾರ್ಹ. ಈ ಡಬ್ಬಿಯಲ್ಲಿ ಅಂಥದ್ದೇನನ್ನೂ ನಮೂದಿಸಿಲ್ಲ.

ಪುಡಿಗೆ ಕೊಡುವ ದುಡ್ಡಿನ ಬದಲು ಲಕ್ಷ್ಯ ಕೊಡಬೇಕಾದ ಇನ್ನೊಂದು ಕಾಲವೆಂದರೆ ಹಾಲಿಲ್ಲದ ದಿನಗಳು. ಈಯುವುದಕ್ಕೆ ಎರಡು ತಿಂಗಳು ಮುಂಚೆ ಎಮ್ಮೆಯನ್ನು ಬತ್ತಿಸಿದರೆ ಹಳೆಯ ಕೋಶಗಳು ಹೋಗಿ ಹೊಸವು ಬರುತ್ತವೆ; ಪ್ರೊಲ್ಯಾಕ್ಟಿನ್, ಐಜಿಎಫ್-1, ಇಜಿಎಫ್ ಕುಟುಂಬಗಳ ರಿಸೆಪ್ಟರುಗಳಿಗೆ ನಿಜವಾದ ದುಡಿಮೆ ಆಗಲೇ ಇರುತ್ತದೆ. ಆಕಳುಗಳಲ್ಲಿ ಈ ಬಿಡುವನ್ನು ತಪ್ಪಿಸಿ ಕೊನೆಯವರೆಗೂ ಕರೆದರೆ ಮುಂದಿನ ಈತದ ಹಾಲು ಸುಮಾರು ನಾಲ್ಕನೆಯ ಒಂದು ಭಾಗದವರೆಗೂ ಕುಸಿಯುತ್ತದೆಂದು ಕಂಡುಬಂದಿದೆ. ಮಣಕಗಳ ವಿಷಯದಲ್ಲಿಯೂ ಹಾಗೆಯೇ: ಬೆದೆಗೆ ಬರುವ ಮೊದಲಿನ ತಿಂಗಳುಗಳಲ್ಲಿ ಕೆಚ್ಚಲಿನ ನಾಳಗಳು ಮೈಗಿಂತ ವೇಗವಾಗಿ ಬೆಳೆಯುತ್ತವೆ, ಆಗ ಅತಿಯಾಗಿ ತಿನ್ನಿಸಿ ಬೇಗ ಕೊಬ್ಬಿಸಿದ ಆಕಳ ಕರುಗಳಲ್ಲಿ ಹಾಲಿನ ಅಂಗಾಂಶದ ಬೆಳವಣಿಗೆ ಕುಂಠಿತವಾಗುವುದುಂಟು. ಹತ್ತು ದಿನದ ಪುಡಿ ಈ ಎರಡು ಕಾಲಗಳಲ್ಲಿ ಕಟ್ಟಿದ ಕೆಚ್ಚಲನ್ನು ನಂತರ ದೊಡ್ಡದು ಮಾಡಲಾರದು.

ನಾನು ಇಷ್ಟು ಉದ್ದವಾಗಿ ಬರೆಯಲು ಕಾರಣ ನಮ್ಮ ಓಣಿಯ ಒಬ್ಬ ತಾಯಿ. ಒಂದೇ ಎಮ್ಮೆಯ ಹಾಲಿನಿಂದ ಮನೆ ನಡೆಸುವ ಅವರು, ನಮ್ಮ ಮುರ್ರಾ ಎಮ್ಮೆಯ ಹಾಲು ಏರಿದ ಸುದ್ದಿಯನ್ನು ಕೇಳಿ, ನನ್ನನ್ನು ಒಂದು ಮಾತೂ ಕೇಳದೆ ಮೂರು ಡಬ್ಬಿಗಳನ್ನು ಉದ್ರಿ ತಂದರು. 1,920 ರೂಪಾಯಿ ಅವರ ಮನೆಗೆ ಸಣ್ಣ ಮೊತ್ತವಲ್ಲ. ಅವರ ಎಮ್ಮೆ ಆಗ ಏಳನೆಯ ತಿಂಗಳ ಹಾಲಿನಲ್ಲಿತ್ತು, ಹಾಲು ಇಳಿಯುವ ಕಾಲ. ಕೋಶಗಳು ದಿನದಿನಕ್ಕೆ ಕಡಿಮೆಯಾಗುತ್ತಿರುವ ಕೆಚ್ಚಲಿನಲ್ಲಿ ಪುಡಿ ಏನನ್ನೂ ಏರಿಸಲಿಲ್ಲ. ಒಡೆಯದ ಎರಡು ಡಬ್ಬಿಗಳನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಂಡರು, ಆ ಸೌಜನ್ಯವನ್ನು ಇಲ್ಲಿ ದಾಖಲಿಸುತ್ತೇನೆ. ಡಬ್ಬಿಯ ಮೇಲಿದ್ದ ಗ್ರಾಹಕ ಸೇವೆಯ ಸಂಖ್ಯೆಗೆ ಕರೆ ಮಾಡಿ ‘ಬೂಸ್ಟರ್’ ಎಂದರೆ ಯಾವ ವಸ್ತು ಎಂದು ನಾನು ಎರಡು ಸಲ ಕೇಳಿದೆ. ಅದು ಕಂಪನಿಯ ಸ್ವಂತ ಸೂತ್ರವೆಂಬ ಉತ್ತರವಷ್ಟೇ ಬಂತು.

ಐದು ನಕ್ಷತ್ರಗಳಲ್ಲಿ ಎರಡನ್ನು ಕೊಡುತ್ತೇನೆ, ಎರಡೂ ಖನಿಜಗಳಿಗೆ. ಊರ ಎಮ್ಮೆ ಈಗ ಎಂಟು ತಿಂಗಳ ಗಬ್ಬ, ಹೋದ ವಾರ ಅದರ ಹಾಲನ್ನು ಬತ್ತಿಸಿದ್ದೇವೆ. ಬೆಳಿಗ್ಗೆ ಹಿಂಡಿಯ ಜೊತೆ 50 ಗ್ರಾಂ ಸಾದಾ ಮಿಶ್ರಣವನ್ನು ತೂಗಿ ಹಾಕುತ್ತಿದ್ದೇನೆ.